ಗೂಟ ಕಿತ್ತ ಶನಿವಾರ

ಹುಣಸೆಹಣ್ಣು ಕುಟ್ಟುವಾಗ ನಾನೂ ಅಪ್ಪನೂ ಮಾತಾಡುವುದಿಲ್ಲ. ಅಪ್ಪ ಚಪ್ಪಡಿಯ ಮೇಲೆ ಹಣ್ಣಿಟ್ಟು ಕೊಡತಿಯಿಂದ ಒಂದು ಏಟು ಹಾಕುತ್ತಾನೆ. ನಾನು ಅದನ್ನು ಎಳೆದುಕೊಂಡು ಬೀಜ ಬಿಡಿಸುತ್ತೇನೆ, ನಾರು ತೆಗೆಯುತ್ತೇನೆ, ಹಣ್ಣನ್ನು ಮಂಕರಿಗೆ ಹಾಕುತ್ತೇನೆ. ಅಷ್ಟರಲ್ಲಿ ಇನ್ನೊಂದು ಏಟು ಬಿದ್ದಿರುತ್ತದೆ. ಆ ಶನಿವಾರವೂ ಹಾಗೇ ಕೂತಿದ್ದೆವು. ಹೊತ್ತು ಒಂದೂವರೆ ದಾಟಿತ್ತು. ಅಂಗಳದ ಹೊಂಗೆಮರದ ಕೆಳಗೆ ಅಣ್ಣನ ಬಿಳಿ ಬೊಲೆರೊ ನಿಂತಿತ್ತು. ಅದರ ತಲೆಯ ಮೇಲಿನ ದೀಪವನ್ನು ಒಂದು ಕಾಗೆ ಕುಕ್ಕುವುದು, ಹಾರುವುದು, ಮತ್ತೆ ಬಂದು ಕುಕ್ಕುವುದು ಮಾಡುತ್ತಿತ್ತು.

ಅಣ್ಣ ತಿಮ್ಮೇಶ್ ಆ ಗಾಡಿಯನ್ನು ತರೀಕೆರೆಯ ಒಂದು ಸರ್ಕಾರಿ ಕಚೇರಿಗೆ ಗುತ್ತಿಗೆಯ ಮೇಲೆ ಓಡಿಸುತ್ತಾನೆ. ಗಾಡಿ ನಮ್ಮದು, ಅದರಲ್ಲಿ ಕೂರುವ ಸಾಹೇಬರು ಕಚೇರಿಯವರು. ಆವತ್ತು ಎರಡನೇ ಶನಿವಾರ, ರಜೆ. ಅನಿತಾ ಅತ್ತಿಗೆಯನ್ನು ಕರೆದುಕೊಂಡು ಅವನು ಅಜ್ಜಂಪುರಕ್ಕೆ, ಮಾವನ ಮನೆಗೆ ಹೋಗಿದ್ದ. ಅತ್ತಿಗೆಗೆ ಕಾರು ಹತ್ತಿದರೆ ವಾಂತಿ. ಹಾಗಾಗಿ ಕಡೂರಿನ ತನಕ ಬಸ್ಸು, ಅಲ್ಲಿಂದ ರೈಲು.

ದೀಪದ ಸಂಗತಿ ಹೇಳಬೇಕು. ವರ್ಷದ ಹಿಂದೆ ಅಣ್ಣ ಅದನ್ನು ಶಿವಮೊಗ್ಗದಿಂದ ತಂದ. ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಹಾಕು ಅಂತ ಯಾರೂ ಅವನಿಗೆ ಹೇಳಿರಲಿಲ್ಲ. ಸಾಹೇಬರು ಹತ್ತುವಾಗಲೂ ಇಳಿಯುವಾಗಲೂ ಫೋನು ನೋಡುತ್ತಿರುತ್ತಾರಂತೆ, ಗಾಡಿಯ ಮೇಲೆ ಏನಿದೆ ಅಂತ ಅವರು ಕತ್ತೆತ್ತಿ ನೋಡಿದ್ದರೋ ಇಲ್ಲವೋ. ಅಣ್ಣ ಅದನ್ನು ಉರಿಸುತ್ತಿದ್ದುದು ನಮ್ಮೂರಿನ ತಿರುವಿನಲ್ಲಿ ಮಾತ್ರ, ಅದೂ ಮನೆ ಬರುವ ತನಕ. "ಮೊದ್ಲು ಡ್ರೈವರ್ ತಿಮ್ಮ ಅಂತಿದ್ರು. ಈಗ ತಿಮ್ಮೇಶಪ್ಪ ಅಂತಾರೆ, ನೋಡು," ಅಂದಿದ್ದ ನನಗೆ. ನಿಜವೇ. ನನಗೂ ನಲ್ಲಿಯ ಹತ್ತಿರ ಹೆಂಗಸರು ಸರಿದು ಜಾಗ ಬಿಡುತ್ತಿದ್ದರು. ಹಾಗೆ ಜಾಗ ಬಿಟ್ಟಾಗ ಅವರ ಮಾತೂ ನಿಂತುಹೋಗುತ್ತಿತ್ತು. ನಾನು ಮಾತಾಡುವವಳಲ್ಲ, ಆದರೆ ಅವರು ಮಾತಾಡುವುದನ್ನು ಕೇಳುತ್ತಾ ಕೊಡ ತುಂಬಿಸುವುದು ನನಗೆ ಇಷ್ಟವಿತ್ತು. ಅದು ತಪ್ಪಿಹೋಯಿತು.

ಇನ್ನೊಂದು ತೊಂದರೆಯೂ ಶುರುವಾಯಿತು. ಜನ ಅರ್ಜಿ ಹಿಡಿದು ಮನೆಗೆ ಬರತೊಡಗಿದರು. ಖಾತೆ ಬದಲಾವಣೆ, ಪಿಂಚಣಿ, ಬೋರ್‌ವೆಲ್ಲಿನ ಕರೆಂಟು. ಅವ್ವ ತೀರಿಕೊಂಡ ಮೇಲೆ ಎಂಟನೇ ತರಗತಿಗೇ ಶಾಲೆ ಬಿಟ್ಟ ನನ್ನ ಕೈಗೆ ಕಾಗದ ಕೊಟ್ಟು, "ತಿಮ್ಮೇಶಪ್ಪಂಗೆ ಹೇಳವ್ವ," ಅನ್ನುತ್ತಿದ್ದರು. ಬೇಡ ಅನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಫೋನು ಹೊಡೆದುಕೊಂಡಾಗ ಇಬ್ಬರ ಕೈಯೂ ಹುಣಸೆಹಣ್ಣಿನ ಅಂಟು. ನಾನು ಮೊಣಕೈಯಿಂದ ಒತ್ತಿ, ಗೆಣ್ಣಿನಿಂದ ಸ್ಪೀಕರ್ ಹಾಕಿದೆ.

"ಅಪ್ಪಾ, ನಾನು ಕಣಪ್ಪ. ಕೇಳ್ತೈತಾ?"

ಅಣ್ಣನ ದನಿಯ ಹಿಂದೆ ಗದ್ದಲವಿತ್ತು. "ಕೇಳ್ತೈತೆ, ಹೇಳ್ಲಾ," ಅಂದ ಅಪ್ಪ.

"ಆಫೀಸಿಂದ ಫೋನ್ ಬಂದಿತ್ತು. ಮೂರ್ ಗಂಟೆಗೆ ಮನೆ ತಾವ್ಕೇ ಬತ್ತಾರಂತೆ, ನೋಡಕ್ಕೆ. ಫೋಟೋನೂ ತಗೀತಾರಂತೆ. ನಂಗೆ ಅಷ್ಟೊತ್ಗೆ ಬರಕ್ಕಾಗಲ್ಲ, ರೈಲಿಲ್ಲ."

"ಏನ್ ನೋಡಕ್ಕೆ ಬತ್ತಾರೋ?"

"ಗೂಟ ಕಿತ್ತು ಒಳಗಿಟ್ಬಿಡಪ್ಪ. ಗೂಟ ಕಂಡ್ರೆ ಸೋಮವಾರದಿಂದ ನನ್ ಕೆಲ್ಸ ಇಲ್ಲ. ಕೇಳ್ತಾ? ಗೂಟ..."

ಅಲ್ಲಿಗೆ ಕಟ್ಟಾಯಿತು. ನಾನು ತಿರುಗಿ ಮಾಡಿದೆ. ಸಂಪರ್ಕಕ್ಕೆ ಸಿಗುತ್ತಿಲ್ಲ ಅಂತ ಹೆಂಗಸೊಬ್ಬಳು ಹೇಳಿದಳು.

ಅಪ್ಪ ಕೊಡತಿ ಕೆಳಗಿಟ್ಟ. ಯಾಕೆ ಅಂತ ನನಗೆ ಗೊತ್ತಿತ್ತು. ನಮ್ಮ ಊರು ಎಮ್ಮೆದೊಡ್ಡಿ ಕಾವಲಿನ ಅಂಚಿಗಿದೆ. ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲು ಅದು, ಸರ್ಕಾರದ ಜಾಗ. ಅಪ್ಪ ಗಡಿಯ ಕಂದಕದ ಆಚೆ, ಕಾವಲಿನೊಳಗೆ ಹತ್ತು ಮಾರು ದೂರದಲ್ಲಿ ಆರು ಗೂಟ ಹೊಡೆದು ನಮ್ಮ ದನ ಕಟ್ಟುತ್ತಿದ್ದ. ಕಾಯುವವರು ಎರಡು ಸಲ ಬಂದು ಕೀಳು ಅಂದಿದ್ದರು. ಅಪ್ಪ ಹೂಂ ಅಂದು ಸುಮ್ಮನಾಗಿದ್ದ.

"ನಾನ್ ಹೊಡ್ದ ಗೂಟ, ಹುಡುಗನ ಕೆಲ್ಸಕ್ಕೇ ಕುತ್ತು ತಂತಲ್ಲ," ಅಂದ. ಕೈ ತೊಳೆಯದೆ ಎದ್ದ. ಹಾರೆ ಹೆಗಲಿಗಿಟ್ಟುಕೊಂಡು ಹೊರಟೇಬಿಟ್ಟ. ಅರವತ್ತೆರಡರ ಅಪ್ಪ ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ನನಗೂ ಅದೇ ಸರಿ ಅನ್ನಿಸಿತ್ತು. ಆದರೂ ಎಲ್ಲೋ ಒಂದು ಮಾತು ಹೊಂದಲಿಲ್ಲ. ದನದ ಗೂಟ ಕಿತ್ತರೆ ಬೇಲಿ ಪಕ್ಕಕ್ಕೆ ಎಸೆಯುತ್ತಾರೆ. ಒಳಗಿಡು ಅಂತ ಯಾರು ಹೇಳುತ್ತಾರೆ? ತರೀಕೆರೆಯ ಕಚೇರಿಯವರಿಗೆ ಎಮ್ಮೆದೊಡ್ಡಿಯ ಗೂಟ ಯಾಕೆ ಬೇಕು? ಹೀಗೆ ಯೋಚಿಸುತ್ತಾ ಬೀಜ ಬಿಡಿಸುತ್ತಿದ್ದೆ. ಆಗ ದ್ಯಾಮಮ್ಮಜ್ಜಿ ಬಂದಳು. ಹಿಂದಿನ ಬೀದಿಯವಳು, ಪಿಂಚಣಿ ಅರ್ಜಿಗಾಗಿ ನಾಲ್ಕನೇ ಸಲ ಬರುತ್ತಿದ್ದಳು.

"ಗೂಟದ ಕಾರು ಮನೇಲೇ ಐತೆ, ತಿಮ್ಮೇಶಪ್ಪನೂ ಅವ್ನೆ ಅಂದ್ಕಂಡು ಬಂದೆ ಕಣೇ ಭುವ್ನಾ. ಅವ್ನೇನೇ?"

ನನ್ನ ಕೈಯಲ್ಲಿದ್ದ ಬೀಜ ಬಿದ್ದುಹೋಯಿತು.

ಗೂಟದ ಕಾರು. ತಲೆಯ ಮೇಲೆ ಗೂಟ ಹೊಡೆದ ಹಾಗೆ ದೀಪ ನಿಂತಿರುತ್ತದಲ್ಲ, ಅದಕ್ಕೆ ದೊಡ್ಡವರ ಕಾರಿಗೆ ಎಲ್ಲರೂ ಹಾಗೆ ಅನ್ನುತ್ತಾರೆ. ಮನೆಯಲ್ಲಿ ನಾವು ಮಾತ್ರ ಅದನ್ನು ಲೈಟು ಅನ್ನುತ್ತಿದ್ದೆವು. ಅಪ್ಪನಿಗೆ ಗೂಟ ಅಂದರೆ ದನ ಕಟ್ಟುವುದು, ಬೇರೆ ಅರ್ಥವಿಲ್ಲ. ಅಣ್ಣ ತರೀಕೆರೆಯ ಡ್ರೈವರುಗಳ ಜೊತೆ ಆಡುವ ಮಾತನ್ನೇ ಗಾಬರಿಯಲ್ಲಿ ಆಡಿಬಿಟ್ಟಿದ್ದ.

ಗಡಿಯಾರ ನೋಡಿದೆ. ಎರಡೂ ಹತ್ತು. ಅಣ್ಣನ ಫೋನು ಮತ್ತೆ ಸಿಗಲಿಲ್ಲ. ಅಪ್ಪ ಕಾವಲಿನಲ್ಲಿ, ಅವನ ಫೋನು ಚಪ್ಪಡಿಯ ಪಕ್ಕದಲ್ಲಿ. ಓಡಿಹೋಗಿ ಕರೆತಂದರೂ ಅಪ್ಪನಿಗೆ ಸ್ಪ್ಯಾನರ್ ಯಾವುದು ಅಂತ ಗೊತ್ತಿಲ್ಲ.

ಅಣ್ಣ ಆ ಗಾಡಿಯನ್ನು ಯಾರಿಗೂ ಮುಟ್ಟಲು ಬಿಡುವವನಲ್ಲ. ಒಂದು ಸಲ ನಾನು ಬಾಗಿಲಿಗೆ ಒರಗಿ ನಿಂತಿದ್ದಕ್ಕೆ, ಬಳೆ ತಾಗಿ ಗೆರೆ ಬೀಳುತ್ತೆ ಅಂತ ಬೈದಿದ್ದ. ನಾನು ತಿಳಿದುಕೊಂಡದ್ದು ತಪ್ಪಾಗಿ, ದೀಪ ಒಡೆದು ಹೋದರೆ? ಸರಿಯಾಗಿದ್ದು, ನಾನು ಸುಮ್ಮನಿದ್ದರೆ ಸೋಮವಾರದಿಂದ ಅವನು ಮನೆಯಲ್ಲಿ.

ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡೆ.

"ಅಜ್ಜಿ, ಅಣ್ಣ ಇಲ್ಲ. ಸ್ವಲ್ಪ ಕೈ ಹಾಕ್ತೀಯಾ?"

"ಏನ್ ಮಾಡ್ತಿದೀಯೇ?"

"ಆ ಲೈಟು ತೆಗೀಬೇಕು."

ದ್ಯಾಮಮ್ಮಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ಅವಳು ಅದೇ ಮೊದಲು ಕೇಳಿದ್ದಿರಬೇಕು.

ಅಣ್ಣ ದೀಪ ಕೂರಿಸಿದ ದಿನ ನಾನು ಎರಡು ಸಲ ಕಾಫಿ ತಂದುಕೊಟ್ಟಿದ್ದೆ. ಲೋಟ ವಾಪಸು ಕೊಡುವ ತನಕ ಬಾಗಿಲ ಹತ್ತಿರ ನಿಂತು ನೋಡಿದ್ದೆ. ನಡುವಿನ ಸೀಟಿನ ಮೇಲೆ ಮಂಡಿಯೂರಿ, ಒಳಗಿನ ಚಿಕ್ಕ ಲೈಟಿನ ಪಕ್ಕದಲ್ಲಿ ಮೇಲು ಹೊದಿಕೆಯನ್ನು ಇಷ್ಟಿಷ್ಟೇ ಎಳೆದಿದ್ದ. ಅದರ ಹಿಂದೆ ತೂತು, ತೂತಿನಲ್ಲಿ ದೀಪದ ಬೋಲ್ಟು, ಬೋಲ್ಟಿಗೆ ಒಂದೇ ಒಂದು ದೊಡ್ಡ ನಟ್. ಪಕ್ಕದಲ್ಲಿ ವೈರು, ಕಪ್ಪು ಟೇಪು. ಹದಿಮೂರನೇ ನಂಬರ್ ಸ್ಪ್ಯಾನರ್ ಕೊಡು ಅಂತ ಅವನು ಗೆಳೆಯನಿಗೆ ಹೇಳಿದ್ದು ಕಿವಿಯಲ್ಲೇ ಇತ್ತು. ಸೀಟಿನ ಕೆಳಗಿನ ಚೀಲದಲ್ಲಿ ಅದು ಸಿಕ್ಕಿತು.

ಹೊದಿಕೆ ಎಳೆದೆ, ಬಂತು. ಟೇಪು ಬಿಚ್ಚಿದೆ, ವೈರು ಬೇರೆಯಾಯಿತು. ಕಿಡಿಗಿಡಿ ಬರಲಿಲ್ಲ. ಆದರೆ ನಟ್ ತಿರುಗಿಸಿದರೆ ಮೇಲೆ ದೀಪವೂ ಜೊತೆಗೇ ತಿರುಗುತ್ತಿತ್ತು.

"ಅಜ್ಜಿ, ಮೇಲ್ಗಡೆಯಿಂದ ಅದನ್ನ ಗಟ್ಟಿಯಾಗಿ ಹಿಡ್ಕಾ. ಅಲ್ಲಾಡಕ್ಕೆ ಬಿಡ್ಬ್ಯಾಡ."

"ನಾನು ಹತ್ತಬೇಕಾ?"

ಕಲ್ಲಿನ ಮೇಲೆ ಒಂದು ಕಾಲು, ಗಾಡಿಯ ಮೆಟ್ಟಿಲಿನ ಮೇಲೆ ಇನ್ನೊಂದು ಕಾಲು, ಸೆರಗು ಸೊಂಟಕ್ಕೆ ಸಿಕ್ಕಿಸಿ ಅಜ್ಜಿ ಹತ್ತಿದಳು. ಎರಡು ಕೈಯಿಂದ ದೀಪವನ್ನು ತಬ್ಬಿಕೊಂಡಳು. ಮೇಲಿಂದ ಅವಳ ಮಾತು ಮಾತ್ರ ನನಗೆ ಕೇಳುತ್ತಿತ್ತು.

"ಇದನ್ನ ಮುಟ್ಬೇಕು ಅಂತ ಎಷ್ಟು ದಿನದಿಂದ ಇತ್ತು ಕಣೇ. ನಮ್ಮೆಜಮಾನ್ರು ಇದ್ದಾಗ ಕಡೂರ್ ಸ್ಟೇಷನ್ ತಾವ ಮಂತ್ರಿ ಕಾರು ನಿಂತಿತ್ತು. ಮುಟ್ಟಕ್ಕೋದ್ರೆ ಪೊಲೀಸಪ್ಪ ಕೋಲೆತ್ತಿದ್ದ. ನೋಡಿದ್ರೆ ಬರೀ ಪ್ಲಾಸ್ಟಿಕ್ಕು."

"ಗಟ್ಟಿಯಾಗಿ ಹಿಡ್ಕಂಡಿದೀಯಾ?"

"ಹೆತ್ತ ಮಗೀನ ಹಂಗೆ ಹಿಡ್ಕಂಡಿದೀನಿ. ತಿರುಗ್ಸು ನೀನು."

ನಟ್ ಬಿಗಿಯಿತ್ತು. ಮೂರು ಸಲ ಜಾರಿತು, ಗೆಣ್ಣು ತರಚಿತು. ನಾಲ್ಕನೇ ಸಲಕ್ಕೆ ಕಿರ್ ಅಂತು. ಆಮೇಲೆ ಬೆರಳಿನಲ್ಲೇ ಬಿಚ್ಚಿಕೊಂಡು ಬಂತು. ಅಜ್ಜಿ ದೀಪವನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಇಳಿದಳು. ನಾನು ಅದನ್ನು ತೆಗೆದುಕೊಂಡು ಹೋಗಿ ರಾಗಿ ತುಂಬಿಟ್ಟ ಮಣ್ಣಿನ ವಾಡೆಯ ಹಿಂದೆ ಇಟ್ಟು ಗೋಣಿಚೀಲ ಮುಚ್ಚಿದೆ.

ಹೊರಗೆ ಬಂದು ನೋಡಿದರೆ ದೀಪ ಕಿತ್ತದ್ದನ್ನು ಗಾಡಿಯೇ ಸಾರಿ ಹೇಳುತ್ತಿತ್ತು. ಇಡೀ ಟಾಪಿನ ಮೇಲೆ ಕೆಮ್ಮಣ್ಣಿನ ದೂಳು, ನಡುವೆ ತಟ್ಟೆಯಷ್ಟಗಲ ಫಳಫಳ ಬಿಳಿ, ಅದರ ನಡುವೆ ತೂತು. ಎರಡು ಬಕೆಟ್ಟು ನೀರು ಹಾಕಿ ಪೂರ್ತಿ ತೊಳೆದೆ. ಕೊಡದ ಸೋರಿಕೆಗೆ ತಂದಿದ್ದ ಎಂ-ಸೀಲ್ ಅರ್ಧ ಉಳಿದಿತ್ತು. ಅದನ್ನು ನಾದಿ ತೂತಿಗೆ ತುಂಬಿ ಹೆಬ್ಬೆರಳಿನಿಂದ ಸವರಿದೆ. ಅದು ಬೂದಿ ಬಣ್ಣ. ಬಿಳಿ ಗಾಡಿಯ ಮೇಲೆ ಇಲಿ ಕೂತ ಹಾಗೆ ಕಾಣುತ್ತಿತ್ತು.

ದ್ಯಾಮಮ್ಮಜ್ಜಿ ಏನೂ ಕೇಳದೆ ಸೊಂಟದ ಸಂಚಿ ಬಿಚ್ಚಿ ಎಲೆ ಅಡಿಕೆಯ ಸುಣ್ಣದ ಡಬ್ಬಿ ತೆಗೆದಳು. ಬೆರಳಲ್ಲಿ ಅದ್ದಿ ನನ್ನ ಬೆರಳಿಗೆ ದಾಟಿಸಿದಳು. ನಾನು ತೆಳ್ಳಗೆ ಹಚ್ಚಿದೆ. ಎರಡು ಮಾರು ಹಿಂದೆ ಸರಿದು ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

ಅಜ್ಜಿ ಚಪ್ಪಡಿಯ ಮೇಲೆ ಕೂತು ಎಲೆ ಹಾಕಿಕೊಂಡಳು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳುವುದಿಲ್ಲ ಅನ್ನಿಸಿತು.

"ಅಜ್ಜಿ, ಅಣ್ಣ ಬರೀ ಡ್ರೈವರು. ನಿನ್ ಪಿಂಚಣಿ ಅವನ್ ಕೈಲಿಲ್ಲ. ನಿನ್ ಅರ್ಜಿ ಇಲ್ಲೇ ಟ್ರಂಕಿನಾಗೈತೆ. ನಾನು ಹೇಳ್ಬೇಕಿತ್ತು."

"ಡ್ರೈವರು ಅಂತ ನಂಗೊತ್ತಿಲ್ವೇನೇ? ಅವನು ಅಂಬೆಗಾಲಿಡೋದು ನೋಡಿದೀನಿ." ಅವಳು ಅಡಿಕೆ ಕಡಿದಳು. "ಆದ್ರೂ ಲೈಟು ಐತಲ್ಲ, ಏನಾದ್ರೂ ಆಗ್ಬೋದು ಅಂತ."

ಮೂರೂ ಹತ್ತಕ್ಕೆ ಬೈಕು ಬಂತು. ಇಳಿದವರು ಐವತ್ತು ದಾಟಿದವರು. ಹೆಲ್ಮೆಟ್ ತೆಗೆದಾಗ ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿತ್ತು. "ತಿಮ್ಮೇಶ್ ಮನೆ ತಾನೆ? ನಾನು ರುದ್ರಮೂರ್ತಿ, ತರೀಕೆರೆ ಆಫೀಸಿಂದ. ರಜೆ ದಿನ ಮನೇಲಿ ಸಿಗ್ತವೆ ಅಂತ ಬಾಡಿಗೆ ಗಾಡಿಗಳನ್ನೆಲ್ಲ ನೋಡ್ಕೊಂಡು ಬರ್ತಿದೀನಿ," ಅಂದರು. ಕೈಯಲ್ಲಿ ಒಂದು ಹಾಳೆ. ನಾನು ಕಂಬದ ಪಕ್ಕ ನಿಂತೆ. ಸುಣ್ಣದ ಬೆರಳನ್ನು ಲಂಗಕ್ಕೆ ಒರೆಸಿಕೊಂಡೆ.

ಅವರು ನಂಬರ್ ಪ್ಲೇಟಿನ ಫೋಟೋ ತೆಗೆದರು. ಗಾಡಿಯನ್ನು ಒಂದು ಸುತ್ತು ಹಾಕಿದರು. ಅದೇ ಹೊತ್ತಿಗೆ ಬೀದಿಯ ತುದಿಯಲ್ಲಿ ಅಪ್ಪ ಕಾಣಿಸಿದ. ಮುಂದೆ ನಮ್ಮ ದನಗಳು, ಹಿಂದೆ ಅಪ್ಪ, ತೋಳಿನ ತುಂಬ ಮಣ್ಣು ಮೆತ್ತಿದ ಗೂಟ. ಬಂದವನೇ ಅವನ್ನು ರುದ್ರಮೂರ್ತಿಯವರ ಕಾಲ ಹತ್ತಿರ ದಡದಡ ಅಂತ ಹಾಕಿದ.

"ಎಲ್ಲಾ ಕಿತ್ತಿದೀನಿ ಸ್ವಾಮಿ. ಎಣಿಸ್ಕಳಿ, ಆರೈತೆ. ತೆಪ್ಪಾಯ್ತು. ಹುಡುಗಂದೇನೂ ಇಲ್ಲ ಇದ್ರಾಗೆ, ನಾನೇ ಹೊಡ್ದಿದ್ದು."

ರುದ್ರಮೂರ್ತಿಯವರು ಗೂಟ ನೋಡಿದರು, ಗಾಡಿ ನೋಡಿದರು. "ಆರು? ಒಂದು ಗಾಡಿಗೆ ಆರು ಗೂಟ ಹೊಡ್ದಿದ್ರಾ ಯಜಮಾನ್ರೇ?"

"ಗಾಡಿಗೆ ಯಾಕ್ ಹೊಡೀತಾರೆ ಸ್ವಾಮಿ? ದನಕ್ಕೆ. ಕಾವಲಲ್ಲಿ."

ದ್ಯಾಮಮ್ಮಜ್ಜಿ ಎಲೆಯಡಿಕೆ ಉಗುಳಲು ಹೋದವಳು ಹಾಗೇ ಗೋಡೆಗೆ ಕೈ ಕೊಟ್ಟು ನಿಂತಳು. ಅವಳ ಹೆಗಲು ಕುಣಿಯುತ್ತಿತ್ತು.

"ಕಾವಲಿಗೂ ನಮಗೂ ಸಂಬಂಧ ಇಲ್ಲಪ್ಪ," ಅಂದರು ರುದ್ರಮೂರ್ತಿಯವರು. "ನಾನು ಬಂದಿರೋದು ಗಾಡಿ ಮೇಲಿನ ಗೂಟಕ್ಕೆ. ಲೈಟು. ಅದು ಈಗ ಆಂಬುಲೆನ್ಸಿಗೆ, ಬೆಂಕಿ ಆರಿಸೋ ಗಾಡಿಗೆ, ಪೊಲೀಸಿನವರಿಗೆ, ಇಂಥ ತುರ್ತಿನವರಿಗೆ ಮಾತ್ರ. ಮಂತ್ರಿಗಳ ಕಾರಿಗೇ ಇಲ್ಲ, ತೆಗೆದು ಎಷ್ಟು ವರ್ಷ ಆಯ್ತು. ನಮ್ಮ ಸಾಹೇಬ್ರಿಗೆ ಎಲ್ಲಿಂದ ಬರ್ಬೇಕು? ನಿಮ್ಮ ಮಗ ಹಾಕಿದಾನೆ ಅಂತ ಯಾರೋ ಹೇಳಿದ್ರು."

ಅಪ್ಪ ಆಗ ಗಾಡಿಯ ತಲೆ ನೋಡಿದ. ಬಾಯಿ ತೆರೆದ. ನಾನು ಅವನನ್ನೇ ದಿಟ್ಟಿಸಿದೆ. ಬಾಯಿ ಮುಚ್ಚಿಕೊಂಡ.

ರುದ್ರಮೂರ್ತಿಯವರು ಮೆಟ್ಟಿಲು ಹತ್ತಿ ಟಾಪಿನ ಮೇಲೆ ಅಂಗೈ ಆಡಿಸಿದರು. ಒಂದು ಕಡೆ ಕೈ ನಿಂತಿತು. ಬೆರಳನ್ನು ಕಣ್ಣ ಹತ್ತಿರ ತಂದು ನೋಡಿದರು, ಮೂಗಿನ ಹತ್ತಿರ ತಂದರು. ಆಮೇಲೆ ದ್ಯಾಮಮ್ಮಜ್ಜಿಯ ಕೆಂಪು ಬಾಯಿ ನೋಡಿದರು, ಅಲ್ಲಿಂದ ನನ್ನ ತರಚಿದ ಗೆಣ್ಣು.

"ಯಾರಮ್ಮ ತೆಗೆದದ್ದು?"

ಅಪ್ಪನಿಗೆ ಏನೂ ಗೊತ್ತಿರಲಿಲ್ಲ, ಅಜ್ಜಿ ನನ್ನ ಕಡೆ ನೋಡಿದಳು.

"ನಾನು," ಅಂದೆ.

"ಯಾವಾಗ?"

"ಈಗ. ನೀವು ಬರೋಕ್ಮುಂಚೆ."

ಅವರು ಇಳಿದರು. ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡರು. ಅಷ್ಟಕ್ಕೆ ಬಹಳ ಹೊತ್ತು ಹಿಡಿದ ಹಾಗೆ ಅನ್ನಿಸಿತು ನನಗೆ. ದನವೊಂದು ನನ್ನ ಲಂಗದ ಅಂಚು ನೆಕ್ಕುತ್ತಿತ್ತು, ಅದನ್ನು ತಳ್ಳಲೂ ಇಲ್ಲ.

"ನೋಡಮ್ಮ. ನನಗೆ ಹೇಳಿರೋದು, ನಾನು ನೋಡೋ ಹೊತ್ತಿಗೆ ಗಾಡಿ ಮೇಲೆ ಲೈಟು ಇದೆಯೋ ಇಲ್ವೋ ಬರಿ ಅಂತ. ಈಗ ಇಲ್ಲ." ಹಾಳೆಯನ್ನು ಬಾನೆಟ್ಟಿನ ಮೇಲಿಟ್ಟು ಬರೆದರು. ಎರಡು ಫೋಟೋ ತೆಗೆದರು. "ನಿಮ್ಮಣ್ಣನಿಗೆ ಹೇಳು, ಆ ತೂತನ್ನ ಗ್ಯಾರೇಜಲ್ಲಿ ಸರಿಯಾಗಿ ಮುಚ್ಚಿಸ್ಲಿ. ಮಳೆ ಬಂದ್ರೆ ಸುಣ್ಣದ ನೀರು ಸಾಹೇಬ್ರ ತಲೆ ಮೇಲೆ ಇಳಿಯುತ್ತೆ. ಸೋಮವಾರ ಹತ್ತಕ್ಕೆ ಗಾಡಿ ಇರ್ಲಿ."

ಸೋಮವಾರ ಗಾಡಿ ಇರ್ಲಿ. ಕಂಬ ಬಿಟ್ಟು ಒಳಗೆ ಹೋಗಿ ಅವರಿಗೆ ಮಜ್ಜಿಗೆ ತಂದುಕೊಟ್ಟೆ. ಟ್ರಂಕಿನಿಂದ ದ್ಯಾಮಮ್ಮಜ್ಜಿಯ ಅರ್ಜಿಯನ್ನೂ ತಂದು ಅಜ್ಜಿಯ ಕೈಗೇ ಕೊಟ್ಟೆ. ಅವಳು ಅದನ್ನು ರುದ್ರಮೂರ್ತಿಯವರ ಮುಂದೆ ಹಿಡಿದಳು. ಅವರು ಓದಿ, ಇದು ತಮ್ಮ ಆಫೀಸಿನದಲ್ಲ, ದೇವನೂರಿನ ನಾಡಕಚೇರಿಗೆ ಆಧಾರ್ ಕಾರ್ಡ್ ಹಿಡಿದು ನೀವೇ ಹೋಗಿ, ಬೇರೆ ಯಾರೂ ಬೇಕಾಗಿಲ್ಲ ಅಂದರು. "ನಾನೇ ಹೋದ್ರೆ ಆಗುತ್ತಾ?" ಅಂತ ಅಜ್ಜಿ ಎರಡು ಸಲ ಕೇಳಿದಳು. ಎರಡು ಸಲವೂ ಅವರು ಆಗುತ್ತೆ ಅಂದರು.

ಬೈಕು ಹೋದ ಮೇಲೆ ಅಪ್ಪ ಗೂಟಗಳ ಪಕ್ಕದಲ್ಲೇ ಕೂತ. "ಲೈಟಿಗೆ ಗೂಟ ಅಂತಾರೇನೇ?" ಅಂದ.

"ಹೂಂನಪ್ಪ. ಎಲ್ಲಾರೂ ಅಂತಾರೆ."

"ಅದಕ್ಕೆ ದನ ಕಟ್ಟಕ್ಕಾಗುತ್ತಾ?"

"ಇಲ್ಲ."

"ಮತ್ತೆ." ಅಪ್ಪ ಒಂದು ಗೂಟ ಎತ್ತಿಕೊಂಡು ತಿರುಗಿಸಿ ನೋಡಿದ. ಆಮೇಲೆ ನಗಲು ಶುರು ಮಾಡಿದ. ಅವ್ವ ಹೋದ ಮೇಲೆ ಅಪ್ಪ ಹಾಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕದ್ದು ನನಗೆ ನೆನಪಿಲ್ಲ. "ನಾಕನೇ ಗೂಟ ಬರ್ಲೇ ಇಲ್ಲ ಕಣೇ. ಬೇರು ಬಿಟ್ಟಂಗಿತ್ತು. ಮಗನ ಕೆಲ್ಸ ಹೋಯ್ತಲ್ಲಪ್ಪ ಅಂತ ಅತ್ಕಂಡ್ ಕಿತ್ತೆ."

ಅತ್ತಿಗೆಯನ್ನು ತವರಲ್ಲೇ ಬಿಟ್ಟು, ಸಂಜೆ ಕಡೂರಿನ ಬಸ್ಸಿಗೆ ಅಣ್ಣ ಒಬ್ಬನೇ ಬಂದ. ದಾರಿಯಲ್ಲಿ ಬೀರೂರಿನಲ್ಲಿ ರೈಲು ಇಳಿದು, ಆರಿಹೋಗಿದ್ದ ಫೋನಿಗೆ ಚಾರ್ಜ್ ಹಾಕಿಸಿ, ರುದ್ರಮೂರ್ತಿಯವರ ಹತ್ತಿರ ಮಾತಾಡಿದ್ದನಂತೆ. ವಿಷಯ ಎಲ್ಲಾ ಗೊತ್ತಿತ್ತು. ಆದರೂ ನೇರವಾಗಿ ಗಾಡಿಯ ಹತ್ತಿರ ಹೋಗಿ ಮೆಟ್ಟಿಲು ಹತ್ತಿ ನೋಡಿದ. ಒಳಗೆ ಕೂತು ಹೊದಿಕೆ ಎಳೆದು ನೋಡಿದ. ನಾನು ಬೈಗುಳಕ್ಕೆ ತಯಾರಾಗಿ ಹೊಸಿಲ ಮೇಲೆ ನಿಂತಿದ್ದೆ.

"ಯಾವ ಸ್ಪ್ಯಾನರ್ ಹಾಕ್ದೆ?"

"ಹದಿಮೂರು."

"ಯಾರ್ ಹೇಳಿದ್ರು?"

"ನೀನು ಹಾಕ್ಬೇಕಾದ್ರೆ ನೋಡಿದ್ದೆ."

ಅವನು ನನ್ನ ಕೈ ಹಿಡಿದು ಗೆಣ್ಣು ನೋಡಿದ. ಡ್ಯಾಶ್‌ಬೋರ್ಡಿನಿಂದ ಮುಲಾಮು ತೆಗೆದು ಕೊಟ್ಟ. "ಆ ಪುಣ್ಯಾತ್ಮ ಹೇಳ್ತಿದ್ರು, ನಿನ್ ತಂಗಿ ಸುಳ್ಳು ಹೇಳ್ಲಿಲ್ಲ, ಅದಕ್ಕೇ ಲೈಟಿಲ್ಲ ಅಂತ ಬರ್ಕಂಡು ಬಂದೆ ಅಂತ," ಅಂದ. ರಾತ್ರಿ ಊಟಕ್ಕೆ ಕೂತು ಅಪ್ಪ ಗೂಟದ ಕಥೆ ಹೇಳಿದಾಗ, ತಿನ್ನುತ್ತಿದ್ದ ಮುದ್ದೆ ಗಂಟಲಿಗೆ ಸಿಕ್ಕುವಷ್ಟು ನಕ್ಕ.

ಉಂಡಾದ ಮೇಲೆ ವಾಡೆಯ ಹಿಂದಿನಿಂದ ದೀಪ ತಂದು ತೊಡೆಯ ಮೇಲಿಟ್ಟುಕೊಂಡು ಕೂತ. ಅಪ್ಪ ದನಗಳಿಗೆ ಹುಲ್ಲು ಹಾಕುತ್ತಿದ್ದ. ಅಣ್ಣ ಟವೆಲ್ಲಿನ ತುದಿಯಿಂದ ದೀಪದ ಕೆಂಪು ಕಡೆ ಒರೆಸಿದ, ನೀಲಿ ಕಡೆ ಒರೆಸಿದ, ತಿರುಗಿ ಕೆಂಪು ಕಡೆಗೆ ಬಂದ. ನಾನು ತಟ್ಟೆ ತೊಳೆದು ಬೋರಲು ಹಾಕಿದೆ. ಆವತ್ತು ಅಷ್ಟೆಲ್ಲ ಮಾತಾಡಿದ್ದೆ, ಇನ್ನೊಂದು ಮಾತು ಕಷ್ಟವಾಗಲಿಲ್ಲ.

"ಅಣ್ಣ, ಅದನ್ನ ಯಾರಾದ್ರೂ ಆಂಬುಲೆನ್ಸ್ ಓಡ್ಸೋರಿಗೆ ಕೊಟ್ಬಿಡು," ಅಂದೆ.

ಅಪ್ಪ ನಗು ಮುಚ್ಚಿಕೊಳ್ಳಲು ಹುಲ್ಲಿನ ಕಡೆ ಬಗ್ಗಿದ. ಅಣ್ಣ ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಒರೆಸುತ್ತಲೇ ಇದ್ದ.